ಕಚೇರಿಯ ನಿಸ್ತಂತು ಜಾಲದಲ್ಲಿ ಸಾಧನಗಳ ದೃಢೀಕರಣ: ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ರಾಯಚೂರು ನಗರ, ದೇವದುರ್ಗ ಹಾಗೂ ಮಾನ್ವಿಯಲ್ಲಿ ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಕೋರುವ ನಾಗರಿಕರ ದಾಖಲೆಗಳು ಗಣಕಯಂತ್ರದಲ್ಲಿ ನಿರ್ವಹಿಸಲ್ಪಡುತ್ತವೆ. ವ್ಯವಸ್ಥೆಯೊಳಗೆ ಬರುವವರು ಯಾರೆಂದು ಖಚಿತಪಡಿಸಿಕೊಳ್ಳುವ ಕ್ರಮವನ್ನು ದೃಢೀಕರಣ ಎನ್ನಲಾಗುತ್ತದೆ. 2000ರ ದಶಕದ ಆರಂಭದಲ್ಲಿ ತಾಲ್ಲೂಕುಗಳಲ್ಲಿ ಜಾರಿಗೆ ಬಂದ ಭೂಮಿ ಯೋಜನೆಯಲ್ಲಿಯೇ ಸಿಬ್ಬಂದಿಯ ಬೆರಳಚ್ಚನ್ನು ಪರಿಶೀಲಿಸಿ ಪ್ರವೇಶ ನೀಡಲಾಗುತ್ತಿತ್ತು. ವೈ-ಫೈ ಎಂಬ ನಿಸ್ತಂತು ಜಾಲದ ಸಂಕೇತವು ಕಚೇರಿಯ ಗೋಡೆಯಾಚೆಗೂ ಹರಡುವುದರಿಂದ, ಅಲ್ಲಿ ಸಂಪರ್ಕ ಕೋರುವ ಪ್ರತಿಯೊಂದು ಸಾಧನದ ದೃಢೀಕರಣವೂ ಅವಶ್ಯಕ.

ದೃಢೀಕರಣದ ವಿಧಾನ

ಮನೆಯ ವೈ-ಫೈಗೆ ಸಾಮಾನ್ಯವಾಗಿ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇರುತ್ತದೆ. ಅದು ಒಬ್ಬರಿಂದ ಬಯಲಾದರೂ ಯಾರು ಬೇಕಾದರೂ ಒಳಬರಬಹುದು. ಆದ್ದರಿಂದ ದೊಡ್ಡ ಸಂಸ್ಥೆಗಳ ಜಾಲಗಳಲ್ಲಿ 2001ರಲ್ಲಿ ಅಂಗೀಕೃತವಾದ 802.1ಎಕ್ಸ್ ಮಾನಕವನ್ನು ಬಳಸಲಾಗುತ್ತದೆ. ಇದರ ಘಟಕಗಳು ಈ ಕೆಳಕಂಡಂತಿವೆ:

1. ಪ್ರವೇಶ ಕೋರುವ ಗಣಕಯಂತ್ರ ಅಥವಾ ಮೊಬೈಲ್.
2. ಆಕ್ಸೆಸ್ ಪಾಯಿಂಟ್: ದೃಢೀಕರಣ ಪೂರ್ಣಗೊಳ್ಳುವವರೆಗೆ ಬೇರಾವ ಮಾಹಿತಿಯನ್ನೂ ಒಳಬಿಡುವುದಿಲ್ಲ.
3. ರೇಡಿಯಸ್ ಸರ್ವರ್: ನೌಕರನ ಹೆಸರು ಮತ್ತು ಪಾಸ್‌ವರ್ಡ್ ಅಥವಾ ಸಾಧನದಲ್ಲಿರುವ ಡಿಜಿಟಲ್ ಪ್ರಮಾಣಪತ್ರವನ್ನು ಪರಿಶೀಲಿಸಿ ಅನುಮತಿಸುತ್ತದೆ ಅಥವಾ ನಿರಾಕರಿಸುತ್ತದೆ.

ಅರ್ಜಿದಾರರು ಕೌಂಟರಿನಲ್ಲಿ ಅರ್ಜಿ ನೀಡಿ, ತಹಸೀಲ್ದಾರರು ಆದೇಶ ಹೊರಡಿಸುವ ಕ್ರಮಕ್ಕೆ ಇದನ್ನು ಹೋಲಿಸಬಹುದು. ಸಾಧನವೂ ಸರ್ವರಿನ ಪ್ರಮಾಣಪತ್ರವನ್ನು ಪರಿಶೀಲಿಸತಕ್ಕದ್ದು. ಇಲ್ಲವಾದಲ್ಲಿ ನಕಲಿ ಜಾಲಕ್ಕೆ ಪಾಸ್‌ವರ್ಡ್ ಸಿಗುವ ಸಂಭವವಿದೆ. ನೌಕರರು ವರ್ಗಾವಣೆಯಾದಾಗ ಅವರೊಬ್ಬರ ಪ್ರವೇಶವನ್ನು ಮಾತ್ರ ರದ್ದುಪಡಿಸಬಹುದು. ಜಾಲಕ್ಕೆ ಪ್ರವೇಶ ದೊರೆತ ಮಾತ್ರಕ್ಕೆ ದಾಖಲೆ ತಿದ್ದುವ ಅಧಿಕಾರ ದೊರೆಯುವುದಿಲ್ಲ. ಅದಕ್ಕೆ ಪ್ರತ್ಯೇಕ ದೃಢೀಕರಣವಿರುತ್ತದೆ.

ನಾಗರಿಕರು ಗಮನಿಸಬೇಕಾದ ಅಂಶಗಳು

1. ವೈ-ಫೈಗೆ ಯಾರು ಬೇಕಾದರೂ ಯಾವ ಹೆಸರನ್ನಾದರೂ ಇಡಬಹುದು. ಕಚೇರಿಯ ಹೆಸರು ಕಂಡ ಮಾತ್ರಕ್ಕೆ ಅದು ಕಚೇರಿಯ ಜಾಲವೆಂದು ಭಾವಿಸಬಾರದು.
2. ಸಿಬ್ಬಂದಿಯಿಂದ ಕಚೇರಿ ಜಾಲದ ಪಾಸ್‌ವರ್ಡ್ ಕೇಳಬಾರದು. ಅರ್ಜಿ ಸಲ್ಲಿಸಲು ಸ್ವಂತ ಮೊಬೈಲ್ ಇಂಟರ್‌ನೆಟ್ ಸಾಕಾಗುತ್ತದೆ.
3. ವೈ-ಫೈ ಸಂಪರ್ಕಕ್ಕಾಗಿ ಆಧಾರ್ ಸಂಖ್ಯೆ ಅಥವಾ ಬ್ಯಾಂಕ್ ವಿವರ ನೀಡಬಾರದು.
4. ಜಾಲತಾಣದ ಪ್ರಮಾಣಪತ್ರ ಸರಿಯಿಲ್ಲವೆಂಬ ಎಚ್ಚರಿಕೆ ಪರದೆಯ ಮೇಲೆ ಬಂದಲ್ಲಿ ಮುಂದುವರಿಯಬಾರದು.
5. ಯಾವುದೇ ಸೇವೆಗೆ ಬಂದ ಒಟಿಪಿಯನ್ನು ಮಧ್ಯವರ್ತಿಗಳಿಗೆ ತಿಳಿಸಬಾರದು.

ಜಮೀನಿನ ಖಾತೆದಾರರು ಆಗಾಗ್ಗೆ ಪಹಣಿಯನ್ನು ಪರಿಶೀಲಿಸಿಕೊಳ್ಳುವುದು ಸೂಕ್ತ. ತಮ್ಮ ಗಮನಕ್ಕೆ ಬಾರದ ಬದಲಾವಣೆ ಕಂಡುಬಂದಲ್ಲಿ ಸಂಬಂಧಪಟ್ಟ ತಹಸೀಲ್ದಾರರಿಗೆ ಕೂಡಲೇ ಲಿಖಿತ ಅರ್ಜಿ ಸಲ್ಲಿಸಿ, ಸ್ವೀಕೃತಿ ಪಡೆಯತಕ್ಕದ್ದು.