ಗೋವಿನಜೋಳ ಹಗಲು ಹೆಚ್ಚಿನ ನಾಡಿಗೆ ಹೋದ ಕಥೆ



ಮುಂಗಾರು ಬಂತೆಂದರೆ ನಮ್ಮ ಸಂಘದ ಗೋದಾಮಿನ ಮುಂದೆ ಗೋವಿನಜೋಳದ ಬೀಜಕ್ಕೆ ಪಾಳಿ ಹಚ್ಚುತ್ತೇವೆ. ಈ ಬೆಳೆ ನಮ್ಮದೇ ಎಂಬಷ್ಟು ಹೊಂದಿಕೊಂಡಿದೆ. ಆದರೆ ಇದರ ತವರು ದೂರದ ಮೆಕ್ಸಿಕೋ. ಸುಮಾರು 9000 ವರ್ಷಗಳ ಹಿಂದೆ ಅಲ್ಲಿನ ಬಾಲ್ಸಾಸ್ ನದಿ ಕಣಿವೆಯ ಜನ ಟಿಯೋಸಿಂಟೆ ಎಂಬ ಕಾಡುಹುಲ್ಲನ್ನು ಆರಿಸಿ ಆರಿಸಿ ಬಿತ್ತಿ, ತೆನೆ ಬಿಡುವ ಬೆಳೆಯಾಗಿ ಮಾಡಿದರು.

ತವರು ಉಷ್ಣ ಸೀಮೆಯಾದ್ದರಿಂದ ಈ ಗಿಡಕ್ಕೊಂದು ಹಠ ಉಂಟು. ಹಗಲು ಹೆಚ್ಚುಕಡಿಮೆ 13 ಗಂಟೆಯೊಳಗಿದ್ದರೆ ಮಾತ್ರ ಹೊತ್ತಿಗೆ ಸರಿಯಾಗಿ ಸೂಲಂಗಿ ಬಿಡುತ್ತದೆ. ನಮ್ಮಲ್ಲಿ ವರ್ಷದ ದೊಡ್ಡ ಹಗಲೇ ಅಷ್ಟು, ತೊಂದರೆಯಿಲ್ಲ. ಅಮೆರಿಕದ ಅಯೋವಾ ರಾಜ್ಯದಲ್ಲಿ ಜೂನ್ ತಿಂಗಳ ಹಗಲು 15 ಗಂಟೆ. ಅಲ್ಲಿ ಬಿತ್ತಿದರೆ ಗಿಡ ಬರೀ ಸೊಪ್ಪಾಗಿ ಎತ್ತರ ಏರುತ್ತದೆ, ಕಾಳು ಕಟ್ಟುವುದರೊಳಗೆ ಹಿಮ ಬಿದ್ದು ಸಾಯುತ್ತದೆ. ಅಲ್ಲಿನ ಮೂಲನಿವಾಸಿಗಳು ಬೇಗ ಮಾಗಿದ ತೆನೆಯನ್ನೇ ಬೀಜಕ್ಕಿಟ್ಟು, ಸಾವಿರಾರು ವರ್ಷಗಳಲ್ಲಿ ಬೆಳೆಯನ್ನು ಉತ್ತರಕ್ಕೆ ಒಯ್ದರು. ಆದರೆ ಈ ಪಯಣದಲ್ಲಿ ಹೆಚ್ಚಿನ ತಳಿಗಳು ಹಿಂದೆಯೇ ಉಳಿದವು.

ಒಂದೇ ಬೀಜ ನಂಬಿದರೆ ಏನಾದೀತು ಎಂಬುದು 1970ರಲ್ಲಿ ಗೊತ್ತಾಯಿತು. ಅಮೆರಿಕದ ಬಹುಪಾಲು ಸಂಕರಣ ಬೀಜದ ತಾಯಿ ವಂಶ ಒಂದೇ ಆಗಿತ್ತು. ಎಲೆ ಅಂಗಮಾರಿ ರೋಗ ಹಬ್ಬಿ, ದೇಶದ ಬೆಳೆಯಲ್ಲಿ ಶೇ. 15ರಷ್ಟು ಮಣ್ಣುಪಾಲಾಯಿತು. ಹಿಂದೆ ಬಿಟ್ಟುಬಂದ ತಳಿಗಳ ಬೆಲೆ ಆಗ ಹೆಚ್ಚು ಜನರಿಗೆ ತಿಳಿಯಿತು.

ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಆರ್ನೆಲ್ ಹಾಲವರ್ ಅವರು ಹಿಡಿದ ದಾರಿ ನಮ್ಮ ಹಿರಿಯರದೇ. ಥಾಯ್ಲೆಂಡಿನ ಸುವಾನ್-1 ತಳಿ ಕೇದಿಗೆ ರೋಗವನ್ನು ತಡೆಯುವಂಥದು. ಆ ರೋಗದ ಕಾಟ ನಮ್ಮ ಮಂಡ್ಯ ಕಡೆಯವರಿಗೂ ಗೊತ್ತು. ಅಂಥ ತಳಿಗಳನ್ನು ಅಯೋವಾದಲ್ಲಿ ಬಿತ್ತಿ, ಸಾವಿರಾರು ಗಿಡಗಳಲ್ಲಿ ಮೊದಲು ಹೂ ಬಿಟ್ಟವನ್ನಷ್ಟೇ ಬೀಜಕ್ಕೆ ಉಳಿಸಿದರು. ಪ್ರತಿ ಸಲ ಸುಮಾರು 3 ದಿನ ಬೇಗ ಹೂ ಬಂತು; ಐದಾರು ಸಲದಲ್ಲಿ ಪರದೇಶಿ ಗಿಡ ಅಲ್ಲಿನ ಮಣ್ಣಿಗೆ ಹೊಂದಿಕೊಂಡಿತು. ಉತ್ತರ ಕೆರೊಲಿನಾದ ಮೇಜರ್ ಗುಡ್‌ಮನ್ ಅವರು ಪೂರ್ತಿ ಉಷ್ಣವಲಯದ ರಕ್ತವೇ ಇರುವ ತಳಿಗಳನ್ನು ಅಲ್ಲಿಗೆ ಒಗ್ಗಿಸಿದರು. ಹಗಲು ಎಷ್ಟು ಉದ್ದವಿದೆ ಎಂದು ಗಿಡಕ್ಕೆ ತಿಳಿಸುವ ಒಂದು ಮುಖ್ಯ ವಂಶವಾಹಿ ಯಾವುದೆಂದು ವಿಜ್ಞಾನಿಗಳು 2012ರಲ್ಲಿ ತೋರಿಸಿಕೊಟ್ಟರು.

ಇಷ್ಟಾದರೂ ಒಬ್ಬರಿಂದ ಆಗುವ ಕೆಲಸ ಇದಲ್ಲ. ತಳಿ ಒಗ್ಗಲು ವರ್ಷಗಳು ಬೇಕು; ಕಂಪನಿಗೆ ಲಾಭ ಕೂಡಲೇ ಬೇಕು. ಅದಕ್ಕೇ 1995ರಿಂದ ಅಲ್ಲಿನ ಸರ್ಕಾರ, ವಿಶ್ವವಿದ್ಯಾಲಯಗಳು ಮತ್ತು ಬೀಜ ಕಂಪನಿಗಳು ಕೂಡಿ 'ಜೆಮ್' ಎಂಬ ಯೋಜನೆ ನಡೆಸಿದವು. ವ್ಯಾಪಾರದಲ್ಲಿ ಪೈಪೋಟಿ ಮಾಡುವವರೇ ತಮ್ಮ ತಳಿಗಳನ್ನು ಕೊಟ್ಟು ಸಂಕರ ಮಾಡಿಸಿದರು. ಇದು ಸಹಕಾರವಲ್ಲದೆ ಮತ್ತೇನು?

ಇಪ್ಪತ್ತೈದು ವರ್ಷ ಕೂಡಿ ದುಡಿದ ನಮಗೆ ಇದರಲ್ಲೊಂದು ಪಾಠವಿದೆ. ಊರಿನ ಹೊಲವೆಲ್ಲ ಒಂದೇ ಬೀಜಕ್ಕೆ ಜೋತುಬೀಳುವುದು ಬೇಡ. ಹಳೆಯ ತಳಿ ಮನೆಯಲ್ಲಿ ಹಿಡಿಯಷ್ಟಿದ್ದರೂ ಅದನ್ನು ಕಾಪಾಡೋಣ. ಮುಂದೊಂದು ದಿನ ಅದೇ ನಮ್ಮ ಕೈ ಹಿಡಿದೀತು.