ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರ್

ವಿಂಡೋಸ್ ಇರುವ ಕಂಪ್ಯೂಟರಿನಲ್ಲೇ ಒಂದು ಕಿಟಕಿ ತೆರೆದು ಅದರೊಳಗೆ ಲಿನಕ್ಸನ್ನೋ ಹಳೆಯ ಎಕ್ಸ್‌ಪಿಯನ್ನೋ ಓಡಿಸಬಹುದು. ಒಳಗಿನದು ಕೆಟ್ಟರೆ ಅಳಿಸಿ ಹಾಕಿದರಾಯಿತು. ಇದೇ ವರ್ಚುವಲ್ ಮಷೀನ್. ಹೊಸ ಸಂಗತಿ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಇದಕ್ಕೆ ಐವತ್ತು ವರ್ಷ ದಾಟಿದೆ.

ಶುರುವಾದದ್ದು ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಕೇಂದ್ರದಲ್ಲಿ. ಆಗ ಕಂಪ್ಯೂಟರ್ ಎಂದರೆ ಕೋಣೆ ತುಂಬುವ, ಸಂಸ್ಥೆಗಳಷ್ಟೇ ಕೊಳ್ಳಬಲ್ಲ ಯಂತ್ರ. ಹಲವರು ಹಂಚಿಕೊಂಡು ಬಳಸಬೇಕಿತ್ತು. 1967ರಲ್ಲಿ ಬಳಕೆಗೆ ಬಂದ ಸಿಪಿ-40, ಪ್ರತಿಯೊಬ್ಬರಿಗೂ ಇಡೀ ಯಂತ್ರ ತನ್ನದೇ ಅನ್ನಿಸುವಂತೆ ಮಾಡಿತು. 1972ರಲ್ಲಿ ಐಬಿಎಂ ಇದನ್ನೇ ಬೆಳೆಸಿ ವಿಎಂ/370 ಹೆಸರಿನಲ್ಲಿ ಗ್ರಾಹಕರ ಮುಂದಿಟ್ಟಿತು.

ಮೇಜಿನ ಮೇಲಿನ ಪಿಸಿಗೆ ಈ ವಿದ್ಯೆ ಸುಲಭವಾಗಿ ಇಳಿಯಲಿಲ್ಲ. ಅಡ್ಡಿಯಾದದ್ದು ಇಂಟೆಲ್ ಚಿಪ್. ಯಾವ ಆಪರೇಟಿಂಗ್ ಸಿಸ್ಟಮ್ ಆದರೂ ಯಂತ್ರಕ್ಕೆ ತಾನೇ ಯಜಮಾನ ಎಂದುಕೊಂಡು ಆಜ್ಞೆ ಕೊಡುತ್ತದೆ. ಒಂದೇ ಮನೆಗೆ ಇಬ್ಬರು ಯಜಮಾನರಾದರೆ ನಡೆಯದು. ಒಳಗಿನವನ ಅಂಥ ಆಜ್ಞೆಗಳನ್ನು ಚಿಪ್ ತಡೆದು ಮೇಲ್ವಿಚಾರಣೆಯ ಸಾಫ್ಟ್‌ವೇರಿಗೆ ಒಪ್ಪಿಸಬೇಕು. ಇಂಟೆಲ್ ಚಿಪ್ ಕೆಲವನ್ನು ತಡೆಯುತ್ತಲೇ ಇರಲಿಲ್ಲ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೆಂಡಲ್ ರೋಸೆನ್‌ಬ್ಲಮ್, ಅವರ ಪತ್ನಿ ಡಯೇನ್ ಗ್ರೀನ್ ಮತ್ತು ಮೂವರು ಸಂಗಡಿಗರು 1998ರಲ್ಲಿ ವಿಎಂವೇರ್ ಕಂಪನಿ ಕಟ್ಟಿದರು. 1999ರಲ್ಲಿ ಬಂದ ಅವರ ‘ವರ್ಕ್‌ಸ್ಟೇಷನ್’ ತೊಂದರೆ ಕೊಡುವ ಆಜ್ಞೆಗಳನ್ನು ಓಡುವ ಹೊತ್ತಿನಲ್ಲೇ ಹೆಕ್ಕಿ, ಅಪಾಯವಿಲ್ಲದ ಆಜ್ಞೆಗಳಾಗಿ ಬದಲಿಸುತ್ತಿತ್ತು. ಉಳಿದದ್ದನ್ನು ನೇರ ಚಿಪ್ ಮೇಲೆ ಬಿಡುತ್ತಿತ್ತು. ಅದಕ್ಕೇ ವೇಗವೂ ಸಿಕ್ಕಿತು. 2005-06ರಲ್ಲಿ ಇಂಟೆಲ್ ಮತ್ತು ಎಎಂಡಿ ಈ ಅನುಕೂಲವನ್ನು ಚಿಪ್ಪಿನಲ್ಲೇ ಇಟ್ಟವು.

ಮುಂದಿನದು ಕೈ ಬದಲಾದ ಕಥೆ. 2007ರಲ್ಲಿ ಜರ್ಮನಿಯ ಇನ್ನೋಟೆಕ್ ತನ್ನ ವರ್ಚುವಲ್‌ಬಾಕ್ಸನ್ನು ಮುಕ್ತ ತಂತ್ರಾಂಶವಾಗಿ ಬಿಟ್ಟುಕೊಟ್ಟಿತು. ಕಾಸಿಲ್ಲದ ವಿದ್ಯಾರ್ಥಿಗೂ ಅದು ಎಟುಕಿತು. ಅದು 2008ರಲ್ಲಿ ಸನ್ ಕಂಪನಿಗೆ, 2010ರಲ್ಲಿ ಒರಾಕಲ್‌ಗೆ ಹೋಯಿತು. ವಿಎಂವೇರ್ 2023ರಲ್ಲಿ ಬ್ರಾಡ್‌ಕಾಮ್ ಪಾಲಾಯಿತು. ಮರುವರ್ಷ ವರ್ಕ್‌ಸ್ಟೇಷನ್ ಪ್ರೊ ಕೂಡ ಉಚಿತವಾಯಿತು.

ಪತ್ರಿಕೋದ್ಯಮ ಓದಿದ ನಮಗೆ ಇದರಿಂದ ಏನು? ಪೇಜ್‌ಮೇಕರಿನ ಕೊನೆಯ ಮುಖ್ಯ ಆವೃತ್ತಿ 7 ಬಂದದ್ದು 2001ರಲ್ಲಿ. ಅದರಲ್ಲಿ, ಯುನಿಕೋಡ್‌ಗೆ ಮುಂಚಿನ ಕನ್ನಡ ಫಾಂಟುಗಳಲ್ಲಿ ಕಟ್ಟಿದ ಪುಟಗಳು ಸಣ್ಣ ಪತ್ರಿಕೆಗಳ ಸಿಡಿಗಳಲ್ಲಿ ಮಲಗಿವೆ. ಆ ಹಳೆಯ ವಿಂಡೋಸ್, ಪೇಜ್‌ಮೇಕರ್, ಫಾಂಟು ಮೂರನ್ನೂ ಒಂದು ವರ್ಚುವಲ್ ಮಷೀನಿನಲ್ಲಿ ಕೂಡಿಸಿಟ್ಟರೆ ಪುಟ ಮೊದಲಿದ್ದ ಹಾಗೆಯೇ ತೆರೆಯುತ್ತದೆ. ಆಮೇಲೆ ಪಿಡಿಎಫ್ ಮಾಡಿ ಎಲ್ಲರಿಗೂ ಕೊಡಬಹುದು.

ಆದರೆ ಸಮಯ ಕಾಯುವುದಿಲ್ಲ. 2020ರಿಂದ ಆಪಲ್ ತನ್ನದೇ ಚಿಪ್ಪಿಗೆ ಹೊರಳಿದೆ. ಇಂಟೆಲ್‌ಗಾಗಿ ಬರೆದ ಹಳೆಯ ವಿಂಡೋಸನ್ನು ಅದರ ಮೇಲೆ ಓಡಿಸಬೇಕೆಂದರೆ ಇಡೀ ಇಂಟೆಲ್ ಚಿಪ್ಪನ್ನೇ ಸಾಫ್ಟ್‌ವೇರಿನಲ್ಲಿ ಅನುಕರಿಸಬೇಕು. ಅದು ನಿಧಾನ. ಸಿಡಿಗಳೂ ಹಾಳಾಗುತ್ತಿವೆ. ನಿಮ್ಮೂರಿನ ಪತ್ರಿಕೆಯ ಕಪಾಟಿನಲ್ಲಿ ಅಂಥ ಸಿಡಿಗಳಿದ್ದರೆ, ಮೊದಲು ಅವುಗಳ ನಕಲು ಮಾಡಿಸಿ. ಜೊತೆಗಿರುವ ಫಾಂಟಿನ ಸಿಡಿಯನ್ನಂತೂ ಎಸೆಯಬೇಡಿ.