ಕೇಳುವ ಕಾದಂಬರಿ: ಪುರಾಣದ ಕಟ್ಟೆಯಿಂದ ಮೊಬೈಲ್‌ವರೆಗೆ

ಕನ್ನಡದ ಜನಪ್ರಿಯ ಕಾದಂಬರಿಗೆ ಎರಡು ದೊಡ್ಡ ಕವಲುಗಳಿವೆ: ಪ್ರೇಮ-ಸಂಸಾರದ ಕಥೆ ಮತ್ತು ಪತ್ತೇದಾರಿ ಕಥೆ. ಬಾಡಿಗೆ ಲೈಬ್ರರಿ, ವಾರಪತ್ರಿಕೆ, ಬಸ್ ನಿಲ್ದಾಣದ ಪುಸ್ತಕದಂಗಡಿಗಳ ಮೂಲಕ ಬೆಳೆದ ಈ ಎರಡೂ ಬಗೆಗಳು ಈಗ ಆಡಿಯೋ ಪುಸ್ತಕಗಳಾಗಿ ಕಿವಿಗೆ ತಲುಪುತ್ತಿವೆ. ಬೀದರ್ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ಮಂಠಾಳ, ಪಕ್ಕದ ಹುಮನಾಬಾದ್ ಮುಂತಾದ ಗಡಿಭಾಗದ ಊರುಗಳಿಗೆ ಈ ಬದಲಾವಣೆ ಹೆಚ್ಚು ಮುಖ್ಯ. ಕನ್ನಡದ ಪ್ರಕಾಶನ ಬಹುಪಾಲು ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ನೆಲೆಸಿದೆ. 2011ರ ಜನಗಣತಿಯಂತೆ ಬೀದರ್ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 70. ಪುಸ್ತಕ ಸಿಗದವರಿಗೂ ಅಕ್ಷರ ಕಲಿಯದವರಿಗೂ ಕಾದಂಬರಿ ತಲುಪುವ ದಾರಿ ಧ್ವನಿಯೇ.

ಈ ಸೀಮೆಗೆ ಕಥೆ ಕೇಳುವುದು ಹೊಸದಲ್ಲ. ಶ್ರಾವಣ ಮಾಸದಲ್ಲಿ ಮಠ, ಗುಡಿಗಳಲ್ಲಿ ಪುರಾಣ ಹಚ್ಚುವ ರೂಢಿ ಇಂದಿಗೂ ಇದೆ. ಒಬ್ಬರು ಪದ್ಯ ಓದಿದರೆ ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಕಥೆ ಒಂದು ಘಟ್ಟಕ್ಕೆ ಬಂದಾಗ ಆ ದಿನದ ಪುರಾಣ ಮುಗಿಯುತ್ತದೆ. ಕಥೆಯನ್ನು ಕಂತುಗಳಾಗಿ ಕೇಳುವ ಅಭ್ಯಾಸ ಜನರಲ್ಲಿ ಬೇರೂರಿದ್ದು ಹೀಗೆ. ಪ್ರೇಮ ಮತ್ತು ಅಪರಾಧ ಎರಡನ್ನೂ ಒಂದೇ ಕಥೆಯಲ್ಲಿ ಹೆಣೆದದ್ದು ಉತ್ತರ ಕರ್ನಾಟಕದ ಜನಪದ ರಂಗಪ್ರಕಾರವಾದ ಸಣ್ಣಾಟ. ಬೈಲಹೊಂಗಲ ಸೀಮೆಯ ‘ಸಂಗ್ಯಾ ಬಾಳ್ಯಾ’ದಲ್ಲಿ ಪರಸ್ತ್ರೀಯ ಮೋಹ, ಗೆಳೆಯನ ದ್ರೋಹ, ಕೊನೆಗೆ ಕೊಲೆ ಎಲ್ಲವೂ ಹಾಡು-ಮಾತುಗಳಲ್ಲೇ ಸಾಗುತ್ತವೆ.

ಅಚ್ಚಿನ ಕಾದಂಬರಿಯಲ್ಲಿ ಈ ಎರಡು ಬಗೆಗಳು ಬಲಗೊಂಡದ್ದು ಸ್ವಾತಂತ್ರ್ಯಾನಂತರ. ‘ಶರಪಂಜರ’, ‘ಬೆಕ್ಕಿನ ಕಣ್ಣು’ ಬರೆದ ತ್ರಿವೇಣಿ ಹೆಣ್ಣಿನ ಮನಸ್ಸಿನ ಒಳತೋಟಿಯನ್ನು ಜನಪ್ರಿಯ ಕಥನಕ್ಕೆ ತಂದರು. ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿದ ಎನ್. ನರಸಿಂಹಯ್ಯ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು, ಓದಿನ ರುಚಿಯೇ ಇಲ್ಲದವರ ಕೈಗೆ ಪುಸ್ತಕ ಇತ್ತರು. 1965ರಲ್ಲಿ ಆರಂಭವಾದ ‘ಸುಧಾ’ದಂಥ ವಾರಪತ್ರಿಕೆಗಳ ಧಾರಾವಾಹಿಗಳು, ಟಿ.ಕೆ. ರಾಮರಾವ್ ಅವರ ಕುತೂಹಲಕಾರಿ ಕಾದಂಬರಿಗಳು, ಸಾಯಿಸುತೆಯವರ ಸಂಸಾರ ಕಥೆಗಳು ಓದುಗ ಬಳಗವನ್ನು ಹಿಗ್ಗಿಸಿದವು. ತೆಲುಗಿನ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಕನ್ನಡಕ್ಕೆ ಬಂದು ಭಯ, ಮಾಟಗಳ ರೋಚಕ ಕಥನಕ್ಕೆ ದೊಡ್ಡ ಓದುಗ ಬಳಗವನ್ನು ತಂದಿತು.

ಧ್ವನಿ ಮಾಧ್ಯಮದ ಕಥೆ ಇದಕ್ಕೂ ಹಿಂದಿನದು. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರ ನಡೆಸಿದರು. ಧಾರವಾಡ ಕೇಂದ್ರ 1950ರಲ್ಲಿ, ಕಲಬುರಗಿ ಕೇಂದ್ರ 1966ರಲ್ಲಿ ಪ್ರಸಾರ ಆರಂಭಿಸಿದವು. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಿಕ್ಷಣ ಸೊರಗಿದ್ದ ಈ ಭಾಗಕ್ಕೆ ಕಲಬುರಗಿ ಕೇಂದ್ರ ಕನ್ನಡದ ನಾಟಕ, ರೂಪಕಗಳನ್ನು ತಂದಿತು. ಬಳಿಕ ಬಂದ ಕ್ಯಾಸೆಟ್ಟುಗಳಲ್ಲಿ ನಾಟಕ, ಹರಿಕಥೆ, ತತ್ವಪದಗಳು ಹೇರಳವಾಗಿ ಮಾರಾಟವಾದವು. ಇಡೀ ಕಾದಂಬರಿ ಮಾತ್ರ ಕ್ಯಾಸೆಟ್ಟಿಗೆ ಒಗ್ಗಲಿಲ್ಲ. ಒಂದೂವರೆ ಗಂಟೆಯ ಕ್ಯಾಸೆಟ್ಟುಗಳಲ್ಲಿ ಏಳೆಂಟು ಗಂಟೆಯ ಓದನ್ನು ತುಂಬಿ ಮಾರಿದರೆ ಬೆಲೆ ಪುಸ್ತಕವನ್ನು ಮೀರುತ್ತಿತ್ತು.

ಪಶ್ಚಿಮದಲ್ಲಿ ಆಡಿಯೋ ಪುಸ್ತಕ ಹುಟ್ಟಿದ್ದು ಅಂಧರಿಗಾಗಿ. 1935ರಲ್ಲಿ ಬ್ರಿಟನ್ನಿನಲ್ಲಿ ಗ್ರಾಮಫೋನ್ ತಟ್ಟೆಗಳ ಮೇಲೆ ಹೊರಬಂದ ಮೊದಲ ಪುಸ್ತಕಗಳಲ್ಲಿ ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಕಾದಂಬರಿ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಕೂಡ ಇತ್ತು. ಭಾರತ 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಯನ್ನು ತಿದ್ದುಪಡಿ ಮಾಡಿ, ಅಂಗವಿಕಲರಿಗೆ ಓದಲು ಅನುಕೂಲವಾದ ರೂಪದಲ್ಲಿ ಪುಸ್ತಕ ಸಿದ್ಧಪಡಿಸಲು ಅವಕಾಶ ನೀಡಿತು. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಮೊದಲು ಅನುಮೋದಿಸಿದ ದೇಶವೂ ಭಾರತವೇ.

ಕನ್ನಡದಲ್ಲಿ ತಿರುವು ಬಂದದ್ದು 2016ರ ನಂತರ, ಅಗ್ಗದ ಡೇಟಾ ಹಳ್ಳಿಗಳನ್ನು ತಲುಪಿದ ಮೇಲೆ. 2017ರಲ್ಲಿ ಭಾರತಕ್ಕೆ ಬಂದ ಸ್ವೀಡನ್ನಿನ ಸ್ಟೋರಿಟೆಲ್ ಇಂಗ್ಲಿಷ್, ಹಿಂದಿ, ಮರಾಠಿಗಳಿಂದ ಆರಂಭಿಸಿತು. ಹೀಗಾಗಿ ಮರಾಠಿ ಬಲ್ಲ ಬಸವಕಲ್ಯಾಣದ ಕೇಳುಗರಿಗೆ ಅಲ್ಲಿ ಮರಾಠಿ ಕಾದಂಬರಿ ಕನ್ನಡಕ್ಕಿಂತ ಮೊದಲೇ ಕಿವಿಗೆ ಸಿಕ್ಕಿತು. 2020ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಲ್ಯಾಂಗ್ ಕನ್ನಡದ ಇ-ಪುಸ್ತಕ, ಆಡಿಯೋ ಪುಸ್ತಕಗಳಿಗೇ ಮೀಸಲಾದ ವೇದಿಕೆ. ಇನ್ನೊಂದು ದಾರಿ ಧಾರಾವಾಹಿಯದು: ಪ್ರತಿಲಿಪಿ, ಪಾಕೆಟ್ ಎಫ್‌ಎಂ ಮುಂತಾದ ಸಂಸ್ಥೆಗಳು ಹೊಸ ಲೇಖಕರ ಪ್ರೇಮ ಮತ್ತು ರೋಚಕ ಕಥೆಗಳನ್ನು ಚಿಕ್ಕ ಚಿಕ್ಕ ಕಂತುಗಳಲ್ಲಿ ಕೇಳಿಸುತ್ತವೆ. ಇಡೀ ಪುಸ್ತಕವನ್ನು ಓದುವ ಮೊದಲ ದಾರಿ ಅಚ್ಚಿನ ಕೃತಿಗೆ ನಿಷ್ಠವಾದದ್ದು. ಎರಡನೆಯದು ಪ್ರತಿ ಕಂತಿನ ಕೊನೆಗೂ ಕುತೂಹಲ ಉಳಿಸಲೇಬೇಕಾದ್ದರಿಂದ ಕಥೆಯನ್ನು ಅಳತೆ ಮೀರಿ ಎಳೆಯುವ ಅಪಾಯವುಳ್ಳದ್ದು.

ಪ್ರೇಮ ಮತ್ತು ಪತ್ತೇದಾರಿ ಬಗೆಗಳೇ ಧ್ವನಿಗೆ ಹೆಚ್ಚು ಒಗ್ಗಲು ಕಾರಣಗಳಿವೆ. ಪ್ರೇಮಕಥೆ ಸಂಭಾಷಣೆಯ ಮೇಲೆ ನಿಂತಿರುತ್ತದೆ. ಹುಸಿಮುನಿಸು, ತಡೆದ ಉತ್ತರ, ತಗ್ಗಿದ ದನಿ ಅಚ್ಚಿನಲ್ಲಿ ವಿವರಣೆ ಬೇಡುತ್ತವೆ, ಓದುವವರ ಉಸಿರಿನಲ್ಲಿ ತಾವೇ ತೋರುತ್ತವೆ. ಪತ್ತೇದಾರಿ ಕಥೆಯಲ್ಲಿ ಓದುಗ ಕೊನೆಯ ಪುಟ ತಿರುವಿ ಕೊಲೆಗಾರನನ್ನು ತಿಳಿಯಬಲ್ಲ. ಕೇಳುಗ ಸಾಮಾನ್ಯವಾಗಿ ಕಥೆಯ ವೇಗಕ್ಕೇ ಒಳಪಟ್ಟಿರುತ್ತಾನೆ. ತೊಂದರೆಯೂ ಇದೆ: ಕಿವಿಯಿಂದ ಜಾರಿದ ಸುಳಿವನ್ನು ಮತ್ತೆ ಹುಡುಕುವುದು ಕಷ್ಟ. ಆದ್ದರಿಂದ ದನಿ ಕೊಡುವ ಒಳ್ಳೆಯ ವಾಚಕ ಮುಖ್ಯ ವಿವರದ ಬಳಿ ಕ್ಷಣ ನಿಲ್ಲುತ್ತಾನೆ, ಆದರೆ ಒತ್ತಿ ಹೇಳಿ ಗುಟ್ಟು ಬಿಟ್ಟುಕೊಡುವುದಿಲ್ಲ. ಪಾತ್ರಕ್ಕೊಬ್ಬ ಕಲಾವಿದ, ಹಿನ್ನೆಲೆ ಸಂಗೀತ ಇರುವ ರೂಪ ಬಾನುಲಿ ನಾಟಕಕ್ಕೆ ಹತ್ತಿರ. ಒಬ್ಬನೇ ಓದುವ ರೂಪ ಲೇಖಕರ ಗದ್ಯಕ್ಕೆ ಹತ್ತಿರ.

ಈ ಕ್ಷೇತ್ರದ ದೊಡ್ಡ ಕೊರತೆ ಪ್ರಾದೇಶಿಕ ನುಡಿಯದು. ಆಡಿಯೋ ಪುಸ್ತಕಗಳ ಕನ್ನಡ ಹೆಚ್ಚಾಗಿ ಬೆಂಗಳೂರು-ಮೈಸೂರಿನ ಶಿಷ್ಟ ಕನ್ನಡ. 2004ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಗೀತಾ ನಾಗಭೂಷಣರ ‘ಬದುಕು’ ಕಲಬುರಗಿ ಸೀಮೆಯ ಮಾತಿನಲ್ಲೇ ಉಸಿರಾಡುವ ಕಾದಂಬರಿ. ಅಂಥ ಗದ್ಯವನ್ನು ಬೇರೆ ಸೀಮೆಯ ನಾಲಿಗೆ ಓದಿದರೆ ಅದರ ಅರ್ಧ ಸತ್ವ ಸೋರಿಹೋಗುತ್ತದೆ. ಯಂತ್ರದ ಧ್ವನಿಗಂತೂ ಬೀದರ್ ಕನ್ನಡದ ಉರ್ದು, ಮರಾಠಿ ಬೆರೆತ ಲಯ ಹಿಡಿಯುವುದು ಇನ್ನೂ ಕಷ್ಟ.

ಅವಕಾಶವೂ ಇದೇ ಹೊತ್ತಿನಲ್ಲಿ ತೆರೆದಿದೆ. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರ ಮರಣದ ನಂತರ 60 ವರ್ಷ ಇರುತ್ತದೆ. 1963ರಲ್ಲಿ ತೀರಿಕೊಂಡ ತ್ರಿವೇಣಿಯವರ ಜೀವಿತಕಾಲದಲ್ಲಿ ಪ್ರಕಟವಾದ ಕಾದಂಬರಿಗಳು 2024ರ ಜನವರಿ 1ರಿಂದ ಎಲ್ಲರಿಗೂ ಮುಕ್ತ. ಬೀದರ್, ಕಲಬುರಗಿಯ ಕಾಲೇಜುಗಳು ಮತ್ತು ಗ್ರಂಥಾಲಯಗಳು ಇಂಥ ಕೃತಿಗಳನ್ನು ಧ್ವನಿಮುದ್ರಿಸುವುದರಿಂದ ಆರಂಭಿಸಿ ಓದುವವರನ್ನು ತರಬೇತುಗೊಳಿಸಬೇಕು. ಲೇಖಕರ, ಹಕ್ಕುದಾರರ ಒಪ್ಪಿಗೆ ಪಡೆದು ಈ ಸೀಮೆಯ ಕಾದಂಬರಿಗಳನ್ನು ಈ ಸೀಮೆಯವರ ದನಿಯಲ್ಲೇ ಹೊರತರಬೇಕು.